ಹನ್ನೆರಡಾಣೆ

ಫಾರ್ಮಿನಲ್ಲಿ ಒಂದು ಕಾಲಮ್ಮು.
ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ,
ನಾಲ್ಕು ತಾಸಿಗೊಮ್ಮೆ, ನೀಲಿ ಶಾಯಿಯಲ್ಲಿ.

ಏಳನೇ ಹಾಸಿಗೆಯ ಬನವ್ವ ಹತ್ತಿಕಾಳ, ಬೆಟಗೇರಿಯವಳು.
ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು.
ಈಗ ಅದೇ ಸೊಂಟದ ಎಲುಬಿನೊಳಗೆ ಗಂಟು.
‘ಹತ್ತರಾಗ ಎಷ್ಟು ಬ್ಯಾನಿ, ಯವ್ವಾ?’ ಅಂದೆ.
‘ಹತ್ತು ಯಾವ ಲೆಕ್ಕ ತಂಗಿ? ರೂಪಾಯಿಗೆ ಕೇಳು.’
ಕಣ್ಣು ಮುಚ್ಚಿ, ಅಂಗೈ ಮೇಲೆ ಸೀರೆ ಇಟ್ಟು
ತೂಕ ನೋಡುವವಳಂತೆ ನೋಡಿ ಹೇಳಿದಳು:
‘ಹನ್ನೆರಡಾಣೆ.’

ಬೆರಳ ಗಿಣ್ಣು ಎಣಿಸಿದೆ. ಏಳೂವರೆ.
ಕಾಲಮ್ಮಿನಲ್ಲಿ ಅರ್ಧಕ್ಕೆ ಜಾಗ ಇಲ್ಲ.
ಎಂಟು ಅಂತ ಬರೆದೆ.
ಅರ್ಧ ನನ್ನ ಕಡೆಯಿಂದ.

‘ಉಳಿದ ನಾಲ್ಕಾಣೆ?’
‘ಅದು ನಾನಽ,’ ಅಂದಳು. ‘ಅಷ್ಟಽ ಉಳದೇನಿ.’

ಯಾವ ಥರದ ನೋವು, ಅದೂ ಇದೆ ಫಾರ್ಮಿನಲ್ಲಿ:
ಚುಚ್ಚುವುದೋ ಉರಿಯುವುದೋ ಸೆಳೆಯುವುದೋ.
‘ಲಾಳಿ ಹಾಯತೈತಿ. ಎಡದಿಂದ ಬಲಕ್ಕ, ಬಲದಿಂದ ಎಡಕ್ಕ.
ನಡುವ ಒಮ್ಮೊಮ್ಮೆ ಎಳಿ ಹರೀತೈತಿ, ಆಗ ಆರಾಮ.
ಆಮ್ಯಾಲ ಯಾರೋ ಗಂಟ ಹಾಕತಾರ.’
ಮೂರರ ಮುಂದೂ ಟಿಕ್ಕು ಹಾಕಿದೆ.

ಕಪಾಟಿನ ಕೀಲಿ ನನ್ನ ಸೊಂಟದಲ್ಲಿ.
ಅದಕ್ಕೊಂದು ದಪ್ಪ ವಹಿ, ಎರಡು ಸಹಿ,
ಅದಕ್ಕೂ ಮೊದಲು ಒಂದು ಫೋನು.
ನಿದ್ದೆಗಣ್ಣಿನ ದನಿ: ‘ಸಂಜೆ ಕೊಟ್ಟಾಗಿದೆಯಲ್ಲ ಸಿಸ್ಟರ್,
ಬೆಳಗಿನವರೆಗೆ ನೋಡೋಣ.’
‘ನೋಡಲಿಕ್ಕೆ ಇಲ್ಲಿ ನಾನಿದ್ದೇನೆ ಸರ್.
ನೋಡಿಯೇ ಹೇಳುತ್ತಿದ್ದೇನೆ. ಎಂಟು.’
ಆ ಅರ್ಧ ಅಲ್ಲಿ ಕೆಲಸಕ್ಕೆ ಬಂತು.

ಔಷಧಿ ಒಳಗಿಳಿದು ನೋವನ್ನು ಹುಡುಕಿಕೊಳ್ಳುವತನಕ
ಅರ್ಧ ತಾಸು. ಆ ಅರ್ಧ ತಾಸಿಗೆ ಇರುವುದು ಬರೀ ಕೈ.
ಮಗ್ಗಲು ಬದಲಿಸಬೇಕು. ಒಂದು, ಎರಡು,
‘ಮೂರು ನೀ ಅನಬ್ಯಾಡ, ನಾನಽ ಅಂತೀನಿ.’
ಕಾದೆ. ಬಹಳ ಹೊತ್ತು ಕಾದೆ.
ಕಿಟಕಿಯಾಚೆ ಕಪ್ಪತಗುಡ್ಡದ ಗಾಳಿಕಂಬಗಳ ಕೆಂಪು ದೀಪ
ಹತ್ತಿ, ಆರಿ, ಹತ್ತಿ.
‘ಮೂರು.’
ಮೊಣಕಾಲ ನಡುವೆ ದಿಂಬು. ತುಟಿಗೆ ಒದ್ದೆ ಅರಿವೆ.
ಬೆನ್ನ ಕೆಳಗಿನ ನಿರಿಗೆ ಎಳೆದು ಸಾಪಾಗಿಸುವಾಗ
ಅವಳ ಹೆಬ್ಬೆರಳು ಚಾದರವನ್ನು ತಿಕ್ಕಿ ನೋಡಿತು:
‘ಹೊಕ್ಕು ಸಡ್ಲ ಐತಿ. ಸರಕಾರದ ನೂಲು.’

ಅಂದಾನಪ್ಪ ನೆನಪಾಗುವುದು ಇಂಥ ಹೊತ್ತಿನಲ್ಲೇ.
ಗಂಡಸರ ವಾರ್ಡು, ಎರಡು ವರ್ಷದ ಹಿಂದೆ.
ರಾತ್ರಿಯಿಡೀ ಕಣ್ಣು ಮುಚ್ಚಿ ಮಲಗಿದ್ದ,
ಕರೆಗಂಟೆ ಒತ್ತಲಿಲ್ಲ, ಸಿಸ್ಟರವ್ವಾ ಅನ್ನಲಿಲ್ಲ.
ನಾನು ಬಾಗಿಲಲ್ಲೇ ನಿಂತು ಬರೆದೆ: ನಿದ್ದೆ. ಸೊನ್ನೆ.
ಬೆಳಿಗ್ಗೆ ಗವಸು ಬದಲಿಸುವಾಗ ನೋಡಿದೆ,
ದಿಂಬಿನ ಮೂಲೆ ಹಲ್ಲಿನಿಂದ ಹರಿದಿತ್ತು,
ಹತ್ತಿ ಹೊರಗೆ ಬಂದಿತ್ತು.

ಆ ಸೊನ್ನೆ ಯಾವುದೋ ಕಟ್ಟಿನಲ್ಲಿ ಇನ್ನೂ ಇದೆ,
ದುಂಡಗೆ, ಪಕ್ಕದಲ್ಲಿ ನನ್ನ ಸಹಿ.
ಅಂದಿನಿಂದ ನಾನು ಮಲಗಿದವರ ಮುಖ ನೋಡುವುದಿಲ್ಲ,
ಹೊದಿಕೆ ಸರಿಸಿ ಕಾಲ್ಬೆರಳು ನೋಡುತ್ತೇನೆ.
ಮುಖಕ್ಕೆ ಮನೆಮಂದಿ ಏನೇನೋ ಕಲಿಸಿರುತ್ತಾರೆ.
ಬೆರಳಿಗೆ ಯಾರೂ ಕಲಿಸಿರುವುದಿಲ್ಲ.

ಮೂರೂಕಾಲಕ್ಕೆ ಬನವ್ವನ ಬೆರಳು ಸಡಿಲಾದವು.
ಒಂದೊಂದಾಗಿ; ಕಿರುಬೆರಳು ಕಡೆಗೆ.
‘ಈಗ?’
‘ಐದಾಣೆ,’ ನಾಲಿಗೆ ಆಗಲೇ ನಿದ್ದೆಯ ದಂಡೆಯಲ್ಲಿತ್ತು,
‘ನಿನ್ನ ನಡ ಎಷ್ಟಾಣೆ ತಂಗಿ?
ಆಗಿಂದ ಹಿಡಕೊಂಡಽ ನಿಂತೀದಿ.’

ಅದಕ್ಕೆ ಕಾಲಮ್ಮು ಇಲ್ಲ ಅಂದೆ.
ಅವಳಿಗೆ ಕೇಳಿಸಿತೋ ಇಲ್ಲವೋ.

ಐದಾಣೆ ಅಂದರೆ ಮೂರು, ಮೇಲೊಂದು ಚೂರು.
ಮೂರು ಬರೆದೆ. ಚೂರಿಗೆ ಎಲ್ಲೂ ಜಾಗ ಸಿಗದೆ
ಹಾಳೆಯ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ,
ಬೆಳಗಿನ ಪಾಳಿಯ ಹುಡುಗಿಗೆ ಒಂದು ಸಾಲು ಬರೆದಿಟ್ಟೆ:
ಏಳನೇ ಹಾಸಿಗೆ. ಆಣೆಯಲ್ಲಿ ಕೇಳು.